ಲೈಬ್ರರಿಯಲ್ಲಿ ಓರೆ ನಿಂತ ರಾಜ

ಪಟ್ಟದ ಗೊಂಬೆಗಳಿಗೆ ನಂಬರು ಹಾಕಬೇಕು ಎಂದು ನಾನು ಹೇಳಿದ ತಕ್ಷಣ ಓದುವ ಕೋಣೆಯಲ್ಲಿ ಕೂತಿದ್ದ ಹೆಂಗಸರೆಲ್ಲ ಒಟ್ಟಿಗೆ ನನ್ನ ಕಡೆ ತಿರುಗಿದರು.

"ನಂಬರ್ರಾ? ರಾಜ-ರಾಣಿಗಾ?" ಎಂದರು ಒಬ್ಬರು.

"ಮತ್ತೆ? ಹನ್ನೊಂದು ಮನೆಯಿಂದ ಹನ್ನೊಂದು ಜೋಡಿ ಬರತ್ತೆ. ಎಲ್ಲಾ ಮರದ್ದು, ಎಲ್ಲಾ ಕಪ್ಪಗೆ, ಎಲ್ಲಾ ಗೇಣುದ್ದ. ಯಾವುದು ಯಾರದು ಅಂತ ನನಗೆ ಹೇಗ್ರೀ ಗೊತ್ತಾಗ್ಬೇಕು?"

"ನಿಮಗ್ಯಾಕೆ ಗೊತ್ತಾಗ್ಬೇಕು ಮೇಡಂ? ನಮ್ಮ ಗೊಂಬೆ ನಮಗೆ ಗೊತ್ತಾಗಲ್ವಾ?"

ನಾನಾಗ ಬಸವನಗುಡಿ ಮುಗಿದು ಹನುಮಂತನಗರ ಶುರುವಾಗುವಲ್ಲಿದ್ದ ಒಂದು ಶಾಖಾ ಗ್ರಂಥಾಲಯದ ಗ್ರಂಥಪಾಲಕಿ. ಮನೆಮನೆಗೆ ಕೇಬಲ್ ಟಿವಿ ಬಂದ ಹೊಸತು. ಸಂಜೆ ಧಾರಾವಾಹಿ ಶುರುವಾಯಿತೆಂದರೆ ಓದುವ ಕೋಣೆಯಲ್ಲಿ ಉಳಿಯುತ್ತಿದ್ದದ್ದು ನಾನು, ಅಟೆಂಡರು, ಮತ್ತೆ ತಿರುಗುವ ಫ್ಯಾನು. ದಸರಾ ರಜೆಯಲ್ಲಿ ಪ್ರತಿ ಶಾಖೆಯೂ ಬಡಾವಣೆಯ ಜನರನ್ನು ಸೇರಿಸಿ ಏನಾದರೊಂದು ಕಾರ್ಯಕ್ರಮ ಮಾಡಬೇಕೆಂದು ಮೇಲಿನಿಂದ ಸುತ್ತೋಲೆ ಬಂತು. ಏನು ಮಾಡಬೇಕು, ಹೇಗೆ ಮಾಡಬೇಕು ಎಂದು ಅದರಲ್ಲಿ ಒಂದಕ್ಷರ ಇರಲಿಲ್ಲ. ಮಕ್ಕಳಿಗೆ ಕಥೆ ಹೇಳಿಸೋಣ ಎಂದುಕೊಂಡಿದ್ದೆ. ಅಷ್ಟರಲ್ಲಿ ಹಿಂದಿನ ರಸ್ತೆಯ ನಿವೃತ್ತ ಹೆಡ್‌ಮಿಸ್ಟ್ರೆಸ್ ತಮ್ಮ ಭಜನೆ ಮಂಡಳಿಯನ್ನೇ ಕರೆದುಕೊಂಡು ಬಂದು, "ಊರೊಟ್ಟಿನ ಗೊಂಬೆ ಕೂರಿಸೋಣ. ಒಬ್ಬೊಬ್ಬರ ಮನೇಲಿ ನೋಡೋ ಬದಲು ಎಲ್ಲಾ ಪಟ್ಟದ ಗೊಂಬೆನೂ ಇಲ್ಲೇ ನೋಡ್ಲಿ" ಎಂದು ತೀರ್ಮಾನ ಕೊಟ್ಟುಬಿಟ್ಟರು.

ನನಗೆ ಗೊಂಬೆಯ ವಿಷಯ ಏನೇನೂ ಗೊತ್ತಿಲ್ಲ. ನಾವು ಬೇಸಾಯದವರು, ನವರಾತ್ರಿಯೆಂದರೆ ನೇಗಿಲು, ಕುಡುಗೋಲು ತೊಳೆದಿಟ್ಟು ಕುಂಕುಮ ಇಡುವುದು, ಅಷ್ಟೆ. ರಕ್ತಚಂದನದ ಈ ರಾಜ-ರಾಣಿ ಜೋಡಿಯನ್ನು ಮದುವೆಯಲ್ಲಿ ಹೆಣ್ಣಿನ ತವರುಮನೆಯವರು ಕೊಡುತ್ತಾರೆ, ಅವು ಪ್ರತಿ ನವರಾತ್ರಿಗೂ ಮೇಲಿನ ಮೆಟ್ಟಿಲಲ್ಲಿ ಪಟ್ಟಕ್ಕೆ ಕೂರುತ್ತವೆ, ವಿಜಯದಶಮಿಗೆ ಮಲಗುತ್ತವೆ ಎಂದು ನಾನು ಕಲಿತದ್ದೇ ಆ ವರ್ಷ. ಕಲಿತದ್ದು ಹೆಚ್ಚೋ ಗಲಿಬಿಲಿಯಾದದ್ದು ಹೆಚ್ಚೋ ಹೇಳಲಾರೆ.

ಹನ್ನೊಂದು ಮನೆಯವರಲ್ಲಿ ಇಬ್ಬರು ಕೊಡಲು ಹಿಂಜರಿದಿದ್ದರು. ಒಬ್ಬರು ನಮ್ಮಲ್ಲಿಗೆ ದಿನವೂ ವಾರಪತ್ರಿಕೆ ಓದಲು ಬರುತ್ತಿದ್ದ ಅಜ್ಜಿ. "ನಿನ್ನ ಮುಖ ನೋಡಿ ಕೊಡ್ತಿದೀನಿ ಕಣೇ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನಿನ್ನ ಲೈಬ್ರರಿ ಮೆಟ್ಟಿಲು ಹತ್ತಲ್ಲ" ಎಂದರು. ಇನ್ನೊಬ್ಬರು ತರಗುಪೇಟೆಯ ಬೇಳೆ ಮಂಡಿಯಲ್ಲಿ ಲೆಕ್ಕ ಬರೆಯುವವರ ಹೆಂಡತಿ. ಅವರ ಮಗಳ ಮದುವೆ ದೀಪಾವಳಿ ಕಳೆದ ಮೇಲೆ ನಿಶ್ಚಯವಾಗಿತ್ತು.

"ಇದು ನಮ್ಮಮ್ಮ ನನಗೆ ಕೊಟ್ಟಿದ್ದು ಮೇಡಂ. ನಮ್ಮಜ್ಜಿ ಅಮ್ಮನಿಗೆ ಕೊಟ್ಟಿದ್ದು. ಈಗ ಮಗಳ ಜೊತೆ ಹೋಗ್ಬೇಕು. ಹೊಸದು ಕೊಡೋಕೆ ನನಗೆ ಮನಸ್ಸಿಲ್ಲ" ಎಂದು ಎರಡು ಸಲ ಹೇಳಿದರು.

"ನಿಮ್ಮ ಗೊಂಬೆ ನಿಮ್ಮ ಕೈಗೇ ವಾಪಸ್ ಕೊಡೋ ಜವಾಬ್ದಾರಿ ನಂದಮ್ಮ" ಎಂದೆ. ಹೆಡ್‌ಮಿಸ್ಟ್ರೆಸ್ ಎದುರಿಗೇ ಹೇಳಿದೆ. ಆ ಮಾತಿನಿಂದಲೇ ಅವರು ಕೊಟ್ಟದ್ದು.

ಅದಕ್ಕೇ ನಂಬರು. ಪುಸ್ತಕಕ್ಕಾದರೆ ಬೆನ್ನಿಗೆ ಚೀಟಿ ಅಂಟಿಸಿದರೆ ಮುಗಿಯಿತು. ಇವಕ್ಕೆ ಗೋಂದು ಹಚ್ಚುತ್ತೇನೆಂದರೆ ಭಜನೆ ಮಂಡಳಿ ನನ್ನನ್ನೇ ಹೊರಗೆ ಹಾಕುತ್ತಿತ್ತು. ಕೊನೆಗೆ ಬಿಳಿ ನಾಡಾವನ್ನು ಚೂರು ಚೂರು ಕತ್ತರಿಸಿ, ಅಳಿಸದ ಮಸಿಯಲ್ಲಿ ನಂಬರು ಬರೆದು, ರಾಜನ ಪಂಚೆಯ ಅಂಚಿಗೂ ರಾಣಿಯ ಸೀರೆಯ ಅಂಚಿಗೂ ಒಳಗಡೆಯಿಂದ ನಾಲ್ಕು ಹೊಲಿಗೆ ಹಾಕಿದೆ. ಲೆಕ್ಕ ಬರೆಯುವವರ ಮನೆಯದು ಏಳು. ಅಜ್ಜಿಯದು ಮೂರು. ಇಷ್ಟು ಅಚ್ಚುಕಟ್ಟಾಗಿ ಗೊಂಬೆ ಹಬ್ಬ ಯಾರು ಮಾಡಿದ್ದಾರೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮೆಟ್ಟಿಲು ಕಟ್ಟುವುದೇ ಒಂದು ರಾಮಾಯಣವಾಯಿತು. ಬೆಂಚುಗಳ ಮೇಲೆ ಹಳೆಯ ದಿನಪತ್ರಿಕೆಗಳ ದಪ್ಪ ದಪ್ಪ ಬೈಂಡುಗಳನ್ನು ಪೇರಿಸಿ ಬಿಳಿ ಪಂಚೆ ಹಾಸೋಣವೆಂದು ನಾನು ಹೇಳಿದೆ. ಪುಸ್ತಕದ ಮೇಲೆ ಗೊಂಬೆ ಕಾಲಿಡಬಹುದೇ ಎಂದು ಒಬ್ಬರು ತಕರಾರು ಎತ್ತಿದರು. ಗೊಂಬೆಯೇ ದೇವರ ಸಮಾನ, ದೋಷವಿಲ್ಲ ಎಂದು ಇನ್ನೊಬ್ಬರು. ಪೇಪರಿನಲ್ಲಿ ಸಿನಿಮಾ ಜಾಹೀರಾತು ಇರುತ್ತದಲ್ಲ, ಅದರ ಮೇಲೆ ದೇವರನ್ನು ಕೂರಿಸುತ್ತೀರಾ ಎಂದು ಮೂರನೆಯವರು. ಒಂದು ಇಡೀ ಮಧ್ಯಾಹ್ನ ಇದೇ ನಡೆಯಿತು. ಕೊನೆಗೆ ಅಟೆಂಡರು ಎಲ್ಲಿಂದಲೋ ಹಲಗೆ ತಂದು ಬೈಂಡುಗಳ ಮೇಲೆ ಹಾಕಿದ. ಹಲಗೆ ನಡುವೆ ಬಂದದ್ದರಿಂದ ಎಲ್ಲರಿಗೂ ಸಮಾಧಾನವಾಯಿತು. ಯಾಕೆ ಆಯಿತೋ ನನಗೆ ಅರ್ಥವಾಗಲಿಲ್ಲ.

ಪಾಡ್ಯದ ಬೆಳಿಗ್ಗೆ ಬಾಗಿಲಿನ ಹತ್ತಿರ ಬಂದವಳು ಅಲ್ಲೇ ನಿಂತುಬಿಟ್ಟೆ. ಹೆಡ್‌ಮಿಸ್ಟ್ರೆಸ್ ಅಟೆಂಡರಿಂದ ಬೀಗ ತೆಗೆಸಿಕೊಂಡು ನನಗಿಂತ ಮುಂಚೆ ಬಂದಿದ್ದರು. ಹನ್ನೊಂದು ರಾಜರೂ ಒಂದೇ ಬಣ್ಣದ ಜರಿ ಪಂಚೆ, ಒಂದೇ ಬಣ್ಣದ ಪೇಟ. ಹನ್ನೊಂದು ರಾಣಿಯರೂ ಒಂದೇ ಹಸಿರು ಸೀರೆ. ಬಳೇಪೇಟೆಯಿಂದ ತಂದ ಮಣಿಸರವೂ ಒಂದೇ ಥರ.

"ಹಳೇ ಬಟ್ಟೆ ಎಲ್ಲಿ ಮೇಡಂ?" ನನ್ನ ದನಿ ನನಗೇ ಕೇಳಿಸಲಿಲ್ಲ.

"ಅಯ್ಯೋ, ಹಳೇ ಬಟ್ಟೇಲಿ ಯಾರಾದ್ರೂ ಪಟ್ಟಕ್ಕೆ ಕೂರಿಸ್ತಾರೇನ್ರೀ? ವರ್ಷಾ ವರ್ಷಾ ಹೊಸದು ಉಡಿಸ್ಬೇಕು. ಒಂದೇ ಥರ ಇದ್ರೆ ಫೋಟೋಲೂ ಚೆನ್ನಾಗಿ ಬರತ್ತೆ. ಅಲ್ಲಿ ಗಂಟು ಕಟ್ಟಿಟ್ಟಿದೀನಿ ನೋಡಿ."

ಗಂಟನ್ನು ಬಿಚ್ಚಿದೆ. ನನ್ನ ನಂಬರುಗಳೆಲ್ಲ ಅದರಲ್ಲಿದ್ದವು, ಒಂದೂ ತಪ್ಪದ ಹಾಗೆ. ಗೊಂಬೆಗಳು ಮಾತ್ರ ಹೊರಗಿದ್ದವು. ಸಿಟ್ಟು ಬಂತು, ಅಳುವೂ ಬಂತು. ಅಷ್ಟರಲ್ಲಿ ಮೇಲಧಿಕಾರಿಗಳು ದೀಪ ಬೆಳಗಲು ಬಂದುಬಿಟ್ಟರು. ಗಂಟನ್ನು ಹಾಗೇ ಬೀರುವಿಗೆ ತುರುಕಿ ಹಲ್ಲುಕಿರಿದು ನಿಂತೆ.

ಅಂದು ಸಂಜೆ ಜನವೋ ಜನ. ಲೆಕ್ಕ ಬರೆಯುವವರ ಹೆಂಡತಿ ಮಗಳ ಜೊತೆ ಬಂದಿದ್ದರು. ಅವರ ಸಂಗಡ ಮಲ್ಲೇಶ್ವರದಿಂದ ಬೀಗಿತ್ತಿಯೂ ಬಂದಿದ್ದರು. ಈ ಸಂಬಂಧ ಕುದುರಿಸಿದ್ದೇ ನಮ್ಮ ಹೆಡ್‌ಮಿಸ್ಟ್ರೆಸ್. ಬೀಗಿತ್ತಿ ಎತ್ತರದ ಹೆಂಗಸು, ಮಾತು ಕಡಿಮೆ. ಮೇಲಿನ ಮೆಟ್ಟಿಲನ್ನು ಒಂದು ಸಲ ಕಣ್ಣಾಡಿಸಿ, "ನಮ್ಮ ಸೊಸೆ ಜೊತೆ ಬರೋದು ಯಾವುದು?" ಎಂದರು. ತಾಯಿ ಒಂದು ಕ್ಷಣ ತಡೆದು ನಡುವಿನ ಒಂದು ಜೋಡಿಯನ್ನು ತೋರಿಸಿದರು. ನಿಜಕ್ಕೂ ಮುದ್ದಾದ ಜೋಡಿ. ಮೂಗು, ತುಟಿ, ಬೆರಳು ಎಲ್ಲ ಹೊಸದರ ಹಾಗೆ ತಿದ್ದಿದಂತಿದ್ದವು. "ಲಕ್ಷಣವಾಗಿದೆ. ಎಷ್ಟು ಜೋಪಾನವಾಗಿ ಇಟ್ಕೊಂಡಿದೀರಿ" ಎಂದರು ಬೀಗಿತ್ತಿ. ನಾನೂ ಹೆಡ್‌ಮಿಸ್ಟ್ರೆಸ್ಸೂ ಪಕ್ಕದಲ್ಲೇ ಇದ್ದೆವು. ನನಗಂತೂ ಹೋದ ಜೀವ ಬಂದಂತಾಯಿತು. ಬಟ್ಟೆ ಬದಲಾದರೂ ಅವರವರ ಗೊಂಬೆ ಅವರವರಿಗೆ ಗೊತ್ತಾಗುತ್ತದೆ, ಸುಮ್ಮನೆ ಹೆದರಿದೆ ಎಂದುಕೊಂಡೆ.

ಮೂಲೆಯಲ್ಲಿ ಒಂದು ಜೋಡಿಯ ರಾಜ ಮಾತ್ರ ಎಡಕ್ಕೆ ವಾಲಿಕೊಂಡಿದ್ದ. ಹೆಡ್‌ಮಿಸ್ಟ್ರೆಸ್ ಅವನ ಕಾಲಡಿಗೆ ಪೆನ್ಸಿಲ್ ಅಳಿಸುವ ರಬ್ಬರನ್ನು ಇಟ್ಟಿದ್ದರು. ಆದರೂ ಮಕ್ಕಳು ಮೆಟ್ಟಿಲಿಗೆ ತಾಗಿದಾಗಲೆಲ್ಲ ಅವನು ರಾಣಿಯ ಮೇಲೆ ಒರಗುತ್ತಿದ್ದ.

ಒಂಬತ್ತು ದಿನ ಸುಖವಾಗಿ ಕಳೆಯಿತು. ಆಯುಧಪೂಜೆಗೆ ಅಟೆಂಡರು ಪುಸ್ತಕದ ತಳ್ಳುಗಾಡಿ, ಪಂಚಿಂಗ್ ಯಂತ್ರ, ತಾರೀಖಿನ ಮೊಹರು ಎಲ್ಲಕ್ಕೂ ಕುಂಕುಮ ಬಳಿದ. ಆಮೇಲೆ ಎರಡು ವಾರ ನಮ್ಮಲ್ಲಿ ಎರವಲು ಹೋದ ಪುಸ್ತಕಗಳ ತಾರೀಖೆಲ್ಲ ಕೆಂಪಗೆ ಮೂಡುತ್ತಿತ್ತು. ವಿಜಯದಶಮಿಯ ಸಂಜೆ ಆರತಿ ಎತ್ತಿ, ದಿನಪತ್ರಿಕೆ ಓದುವ ದೊಡ್ಡ ಮೇಜಿನ ಮೇಲೆ ಹನ್ನೊಂದು ಜೋಡಿಗಳನ್ನೂ ಸಾಲಾಗಿ ಮಲಗಿಸಿದರು. ಮರುದಿನ ಬೆಳಿಗ್ಗೆ ಅವರವರು ಬಂದು ಒಯ್ಯುವುದೆಂದು ಮಾತಾಯಿತು.

ಬೆಳಿಗ್ಗೆ ಬಂದವರು ಒಬ್ಬೊಬ್ಬರಾಗಿ ಬಗ್ಗಿ, ಬೆರಳಲ್ಲಿ ಒಂದು ಸಲ ತಡವಿ, ತಮ್ಮದನ್ನು ಎತ್ತಿಕೊಂಡರು. ಒಂಬತ್ತು ಜೋಡಿ ಕ್ಷಣದಲ್ಲಿ ಖಾಲಿಯಾಯಿತು. ನನ್ನ ನಂಬರಿನ ಹಂಗು ಯಾರಿಗೂ ಬೇಕಾಗಲಿಲ್ಲ. ಉಳಿದದ್ದು ಎರಡು ಜೋಡಿ: ಆ ಮುದ್ದಾದದ್ದು, ಈ ಓರೆ ರಾಜನದು. ಉಳಿದವರು ಇಬ್ಬರು: ಅಜ್ಜಿ ಮತ್ತು ಲೆಕ್ಕ ಬರೆಯುವವರ ಹೆಂಡತಿ. ಇಬ್ಬರ ಕೈಯೂ ಆ ಮುದ್ದಾದ ಜೋಡಿಯ ಮೇಲೇ ಬಿತ್ತು.

"ಇದು ನಂದಮ್ಮ" ಎಂದರು ಅಜ್ಜಿ.

ತಾಯಿ ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. "ಇಲ್ಲಾ ಅಜ್ಜಿ... ಇದೇ ನಮ್ಮದು ಅನ್ಸತ್ತೆ."

"ಅನ್ಸೋದೇನು ಬಂತು? ಅವರು ಬೀಗಿತ್ತಿಗೆ ಇದನ್ನೇ ತೋರಿಸಿದ್ರು, ನಾನೇ ಇದ್ದೆ" ಎಂದರು ಹೆಡ್‌ಮಿಸ್ಟ್ರೆಸ್. ನಾನೂ ಇದ್ದೆ. ಅಜ್ಜಿಯ ಮುಖ ಕೆಂಪಾಯಿತು.

ನನ್ನ ತಲೆ ಪೂರಾ ಕೆಟ್ಟುಹೋಯಿತು. ಎಪ್ಪತ್ತು ದಾಟಿದ ಅಜ್ಜಿ ಸುಳ್ಳು ಹೇಳುವವರಲ್ಲ. ಈ ತಾಯಿಯೂ ಅಂಥವರಲ್ಲ. ತಡವಾಗಿ ಪುಸ್ತಕ ತಂದರೆ ನಾನು ಕೇಳುವ ಮೊದಲೇ ದಂಡದ ಚಿಲ್ಲರೆ ಇಡುವವರು. ಆ ಹೊತ್ತಿಗೆ ಹೊಳೆದದ್ದು ಒಂದೇ. ಗೊಂಬೆಯನ್ನು ನನ್ನ ಮೇಜಿಗೆ ತಂದು, ಸೀರೆಯ ಮೇಲೆ ಕೈಯಿಟ್ಟು, "ಬಟ್ಟೆ ಒಳಗಡೆ ಏನಾದ್ರೂ ಗುರುತಿದ್ರೆ ಹೇಳಿ" ಎಂದೆ.

"ರಾಣಿ ಬಲತೋಳಿನ ಕೆಳಗೆ ಸೀಳಿದೆ. ನಮ್ಮ ದೊಡ್ಡ ಮಗ ಎತ್ತಿ ಹಾಕಿದ್ದು" ಎಂದರು ಅಜ್ಜಿ.

ಸೀರೆ ಸರಿಸಿದೆ. ಸೀಳು ಅಲ್ಲೇ ಇತ್ತು.

"ಹಾಗಾದ್ರೆ ನಿಮ್ಮದೇ ಅಜ್ಜಿ. ನನಗೇ ತಪ್ಪಾಯ್ತು" ಎಂದರು ತಾಯಿ.

"ಸರಿ, ಹಾಗಿದ್ರೆ ಉಳಿದಿರೋದು ನಿಮ್ಮದೇ ಆಯ್ತಲ್ಲ" ಎಂದು ಓರೆ ರಾಜನ ಜೋಡಿಯನ್ನು ಅವರ ಕಡೆ ಚಾಚಿದೆ. ಇಷ್ಟು ಸುಲಭದ ಲೆಕ್ಕ ಎಂದುಕೊಂಡೆ.

ಅವರು ಹೆಡ್‌ಮಿಸ್ಟ್ರೆಸ್ ಕಡೆ ನೋಡಿದರು. "ಅಲ್ಲ ಮೇಡಂ. ಅದು ನಮ್ಮದಲ್ಲ" ಎಂದು ಸೆರಗು ಹೊದ್ದುಕೊಂಡು ಬರಿಗೈಯಲ್ಲಿ ಹೊರಟುಹೋದರು.

ಹನ್ನೊಂದು ಜೋಡಿ ಬಂದಿತ್ತು. ಹತ್ತು ಹೋಯಿತು. ಉಳಿದದ್ದು ಹನ್ನೊಂದನೆಯವರದ್ದಲ್ಲ. ಹಾಗಾದರೆ ಇದು ಯಾರದು? ಅವರದೆಲ್ಲಿ? ಯಾರೋ ಬದಲಾಯಿಸಿದ್ದಾರೆ ಎಂಬ ಕೆಟ್ಟ ಯೋಚನೆ ಬಂತು. ಮರುದಿನದಿಂದ ಮನೆಮನೆಗೆ ಹೋಗಿ, "ಒಂದ್ಸಲ ನಿಮ್ಮ ಗೊಂಬೆ ನೋಡಬಹುದಾ?" ಎಂದು ಕೇಳಿದೆ. ಕಾಫಿ ಕೊಟ್ಟರು, ಗೊಂಬೆಯನ್ನೂ ತೋರಿಸಿದರು, ಆದರೆ ಮುಖ ದಪ್ಪ ಮಾಡಿಕೊಂಡರು. ಒಬ್ಬರಂತೂ, "ನಾವು ಕದ್ದಿದೀವಿ ಅಂತ ಬಂದ್ರಾ?" ಎಂದೇಬಿಟ್ಟರು. ಎಲ್ಲ ಗೊಂಬೆಗಳೂ ಅವರವರದ್ದೇ. ಅದು ನನಗೂ ಕಾಣುತ್ತಿತ್ತು.

ಬಳೇಪೇಟೆಗೂ ಹೋದೆ. ಒಂದು ಹಳೇ ಜೋಡಿ ಸಿಕ್ಕಿದರೆ ತಂದು ಕೊಡೋಣ, ಹೇಗೋ ಮದುವೆ ಕಳೆಯಲಿ ಎಂದು. ಅಂಗಡಿಯವನು ತೋರಿಸಿದವೆಲ್ಲ ಕೆಂಪಗೆ, ಪಾಲಿಷ್ ವಾಸನೆ ಹೊಡೆಯುತ್ತಿದ್ದವು.

"ಹಳೇದು ಇಲ್ವಾ?" ಎಂದೆ.

"ಹಳೇದು ಮಾರೋಕೆ ಬರಲ್ಲಮ್ಮ. ಇದನ್ನೇ ತಗೊಂಡೋಗಿ, ಮನೇಲಿ ಹಳೇದಾಗತ್ತೆ" ಎಂದ.

ವಾಪಸ್ ಬಂದವಳೇ ಬೀರು ತೆಗೆದು ಆ ಗಂಟನ್ನು ಮೇಜಿನ ಮೇಲೆ ಸುರಿದುಕೊಂಡೆ. ಉಳಿದವರೆಲ್ಲ ಹಳೇ ಬಟ್ಟೆ ಬೇಡವೆಂದು ಬಿಟ್ಟು ಹೋಗಿದ್ದರು. ಪುಸ್ತಕದ ರಟ್ಟು ಕಿತ್ತು ಬಂದಾಗ ನಾವು ಮಾಡುವುದು ಒಂದೇ: ಯಾವ ರಟ್ಟು ಯಾವ ಹೊಲಿಗೆಗೆ ಕೂರುತ್ತದೆ ಎಂದು ಒಂದೊಂದಾಗಿ ಹಾಕಿ ನೋಡುವುದು. ಹಾಗೇ ಓರೆ ರಾಜನ ಜರಿ ಪಂಚೆ ಬಿಚ್ಚಿ, ಹಳೇ ಪಂಚೆಗಳನ್ನು ಒಂದೊಂದಾಗಿ ಉಡಿಸುತ್ತ ಹೋದೆ. ಕೆಲವು ಉದ್ದ, ಕೆಲವು ಸೊಂಟಕ್ಕೆ ಬಿಗಿ. ಅಟೆಂಡರು ಬಂದು ಇಣುಕಿ, ಏನೂ ಕೇಳದೆ ಹೋದ.

ಏಳನೇ ನಂಬರಿನ ಪಂಚೆ ಕೈಗೆ ತುಸು ಭಾರವಾಗಿ ಸಿಕ್ಕಿತು. ಕೆಳಗಿನ ಎಡ ಮೂಲೆಯಲ್ಲಿ ಹತ್ತಿಯ ಒಂದು ಪುಟ್ಟ ಮೆತ್ತೆಯನ್ನು ಒಳಗಿಟ್ಟು ಸಣ್ಣ ಹೊಲಿಗೆಯಲ್ಲಿ ಹೊಲಿದಿದ್ದರು. ನಾನು ನಂಬರು ಹಾಕಿದ್ದು ಬಲ ಅಂಚಿಗೆ, ಅವತ್ತು ಇದು ಕಣ್ಣಿಗೆ ಬಿದ್ದಿರಲಿಲ್ಲ. ಉಡಿಸಿದೆ. ಮೆತ್ತೆ ರಾಜನ ಸವೆದ ಎಡಪಾದದ ಅಡಿಗೆ ಸರಿಯಾಗಿ ಹೋಗಿ ಕೂತಿತು. ಮೇಜಿನ ಮೇಲೆ ನಿಲ್ಲಿಸಿದೆ. ರಾಜ ನೆಟ್ಟಗೆ ನಿಂತ.

ನನಗೆ ಖುಷಿಯಾಗಬೇಕಿತ್ತು. ಇನ್ನಷ್ಟು ತಲೆ ತಿರುಗಿತು. ಇದು ಅವರದೇ, ಅನುಮಾನವೇ ಇಲ್ಲ. ಅವರ ಕೈ ಹೊಲಿಗೆಯೇ ಸಾಕ್ಷಿ. ಹಾಗಿದ್ದರೆ ತಾಯಿ ಕೊಟ್ಟದ್ದನ್ನು, ಮಗಳಿಗೆ ಕೊಡಬೇಕಾದ್ದನ್ನು, ಕಣ್ಣೆದುರಿಗಿಟ್ಟುಕೊಂಡು ನಮ್ಮದಲ್ಲ ಎಂದು ಯಾಕಂದರು? ಒಂದು ಚೀಲದಲ್ಲಿ ಹಾಕಿಕೊಂಡು ಅವರ ಮನೆಗೇ ಹೊರಟೆ. ಗೇಟಿನ ಹತ್ತಿರ ಹೋಗುವಾಗ ಒಳಗಿಂದ ಬೀಗಿತ್ತಿಯ ದನಿಯೂ ಹೆಡ್‌ಮಿಸ್ಟ್ರೆಸ್ ದನಿಯೂ ಕೇಳಿಸಿತು. ಮದುವೆ ಸೀರೆಗಳ ಮಾತು ನಡೆದಿತ್ತು. ಕೈ ಗೇಟಿನ ಚಿಲಕದ ಮೇಲಿತ್ತು. ಇವರಿಬ್ಬರ ಮುಂದೆ ಬೇಡ ಎಂದಿತು ಮನಸ್ಸು. ಕಾರಣ ಗೊತ್ತಿರಲಿಲ್ಲ, ಆದರೆ ಬೇಡ ಎಂಬುದು ಮಾತ್ರ ಖಚಿತವಾಗಿತ್ತು. ತಿರುಗಿ ಬಂದೆ.

ನಮ್ಮ ಬಾಗಿಲ ಪಕ್ಕ ಹೊಸ ಪುಸ್ತಕಗಳನ್ನು ಇಡುವ ಗಾಜಿನ ಪೆಟ್ಟಿಗೆಯೊಂದಿತ್ತು. ಪುಸ್ತಕಗಳನ್ನು ಒಂದು ಕಡೆ ಸರಿಸಿ, ಹಳೇ ಬಟ್ಟೆಯಲ್ಲೇ ರಾಜ-ರಾಣಿಯನ್ನು ಅದರಲ್ಲಿ ನಿಲ್ಲಿಸಿ ಬೀಗ ಹಾಕಿದೆ. ಯಾವ ಚೀಟಿಯನ್ನೂ ಬರೆದಿಡಲಿಲ್ಲ. ಯಾರು ಬರಬೇಕೋ ಅವರು ಬಂದು ಕೇಳಲಿ, ಕೇಳದಿದ್ದರೆ ಮದುವೆಯ ಹಿಂದಿನ ದಿನ ನಾನೇ ಹೋಗಿ ಕಾಲು ಹಿಡಿಯುತ್ತೇನೆ ಎಂದುಕೊಂಡೆ. ಅಜ್ಜಿ ಗಾಜಿನೊಳಗೆ ನೋಡಿ, "ನೆಟ್ಟಗೆ ನಿಂತಿದಾನಲ್ಲೇ! ಏನು ಮಾಡ್ದೆ?" ಎಂದರು. ಏನೂ ಮಾಡಿಲ್ಲ ಅಜ್ಜಿ, ಅವನ ಬಟ್ಟೆ ಅವನಿಗೆ ಕೊಟ್ಟೆ ಎಂದೆ.

ದೀಪಾವಳಿ ಕಳೆದ ಮೇಲೆ ಹುಡುಗಿಯೇ ಬಂದಳು. ಮದುವೆಯಾಗಿ ಮಲ್ಲೇಶ್ವರಕ್ಕೆ ಹೋಗುವವಳು. ಸದಸ್ಯತ್ವದ ಕಾರ್ಡು, ಪುಸ್ತಕ ಹಿಂದಿರುಗಿಸಲು ಬಂದಿದ್ದಳು. ಬಾಗಿಲಲ್ಲೇ ನಿಂತಳು.

"ಮೇಡಂ, ಇದು ನಮ್ಮ ರಾಜ ಅಲ್ವಾ? ಇಲ್ಯಾಕಿದಾನೆ? ಅಮ್ಮ ನಮ್ಮ ಗೊಂಬೆ ಲೈಬ್ರರೀಲಿ ಕಳೆದುಹೋಯ್ತು ಅಂದಳು."

"ಲೈಬ್ರರೀಲಿ ಕಳೆದುಹೋಯ್ತಾ!" ಎಂದು ಕೂಗಿದೆ. ಓದುತ್ತಿದ್ದವರು ತಲೆಯೆತ್ತಿದರು. ಇಷ್ಟು ದಿನ ಊರೆಲ್ಲ ಸುತ್ತಿದವಳು ನಾನು, ಹೆಸರು ಕೆಟ್ಟದ್ದೂ ನನ್ನದೇ. "ನಿಮ್ಮಮ್ಮನ ಕೈಗೇ ಕೊಟ್ಟೆ ಕಣಮ್ಮ. ನಮ್ಮದಲ್ಲ ಅಂತ ಬಿಟ್ಟುಹೋದ್ರು. ಯಾಕೆ ಅಂತ ನೀನಾದ್ರೂ ಹೇಳು, ನನಗೆ ನಿದ್ದೆ ಇಲ್ಲ."

ಅವಳು ನನ್ನ ಮೇಜಿನೆದುರು ಕೂತಳು. ಆಮೇಲೆ ಅವಳಿಗೇ ಹೊಳೆಯಿತು.

"ಅವತ್ತು ಅತ್ತೆ ಕೇಳಿದಾಗ ಅಮ್ಮ ಬೇರೆ ಜೋಡಿ ತೋರಿಸಿದ್ಳು ಮೇಡಂ. ನಮ್ಮದು ಮೂಲೇಲಿ ವಾಲಿಕೊಂಡು ನಿಂತಿತ್ತಲ್ಲ, ನಾಚಿಕೆ ಆಗಿರ್ಬೇಕು. ಸಣ್ಣ ವಿಷಯ, ಮರೆತುಹೋಗತ್ತೆ ಅಂತ ನಾನೂ ಸುಮ್ನಿದ್ದೆ. ಚಿಕ್ಕೋಳಿದ್ದಾಗ ನನಗೆ ಪದೇ ಪದೇ ಗಂಟಲು ಕಟ್ಟಿ ಕೆನ್ನೆ ಊದ್ಕೊಳ್ತಿತ್ತು. ಅಮ್ಮ ಈ ರಾಜನ ಕಾಲನ್ನೇ ಸಾಣೆಕಲ್ಲಿನ ಮೇಲೆ ತೇದು ಹಚ್ತಿದ್ಳು. ರಕ್ತಚಂದನ ತಾನೇ. ಪಟ್ಟದ ಗೊಂಬೆ ತೇಯಬಾರದು, ರಾಜ ಊನ ಆದ್ರೆ ಮನೆಗಾಗಲ್ಲ ಅಂತ ನಮ್ಮಜ್ಜಿ ಬೈತಿದ್ರು. ಅಮ್ಮ ಕದ್ದು ತೇಯೋಳು."

ನಾನು ಗಾಜಿನೊಳಗಿನ ರಾಜನ ಕಾಲು ನೋಡಿದೆ. ಆ ಪುಟ್ಟ ಪಾದ ಸವೆದಿದ್ದದ್ದು ಈ ಹುಡುಗಿಯ ಕೆನ್ನೆಗೆ. ಊನವಾದ ರಾಜನನ್ನು ಮಗಳ ಹೊಸ ಮನೆಗೆ ಹೇಗೆ ಕಳಿಸುವುದೆಂದು ಆ ತಾಯಿ ಹೆದರಿದ್ದಾರೆ. ಗಾಜಿನ ಪೆಟ್ಟಿಗೆಯ ಬೀಗದಕೈ ಕೊಟ್ಟೆ, ಹುಡುಗಿಯೇ ತೆಗೆದಳು.

"ನಾನು ತಗೊಂಡು ಹೋಗ್ತೀನಿ ಮೇಡಂ. ಅಮ್ಮನಿಗೆ ಈಗ್ಲೇ ಹೇಳಲ್ಲ. ನನ್ನ ಪೆಟ್ಟಿಗೇಲಿ ಇಟ್ಕೋತೀನಿ."

ಚಾಮರಾಜಪೇಟೆಯ ಛತ್ರದಲ್ಲಿ ಮದುವೆ. ನನಗೂ ಅಜ್ಜಿಗೂ ಕರೆಯೋಲೆ ಬಂದಿತ್ತು. ಹಸೆಮಣೆಯ ಪಕ್ಕದ ಮೇಜಿನ ಮೇಲೆ ಹೆಣ್ಣಿನ ಕಡೆಯ ಸಾಮಾನೆಲ್ಲ ಜೋಡಿಸಿದ್ದರು. ಬೆಳ್ಳಿ ದೀಪ, ಅರಿಶಿನ ಕುಂಕುಮದ ಭರಣಿ, ಅವುಗಳ ಮಧ್ಯೆ ಹಳೇ ಬಟ್ಟೆಯ ರಾಜ-ರಾಣಿ. ಹುಡುಗಿ ಯಾವ ಮಾಯದಲ್ಲೋ ತಂದಿಟ್ಟುಬಿಟ್ಟಿದ್ದಳು. ಅವಳ ತಾಯಿ ಅದನ್ನು ಕಂಡದ್ದೂ ನಾನು ಅವರನ್ನು ಕಂಡದ್ದೂ ಒಂದೇ ಗಳಿಗೆಯಲ್ಲಿ. ಅವರ ಮುಖ ಬಿಳಿಚಿಕೊಂಡಿತು. ಅಷ್ಟರಲ್ಲಿ ಬೀಗಿತ್ತಿ ಮೇಜಿನ ಹತ್ತಿರ ಬಂದು ರಾಜನನ್ನು ಕೈಗೆತ್ತಿಕೊಂಡೇಬಿಟ್ಟರು.

"ಇದು ಅವತ್ತು ನೋಡಿದ್ದಲ್ವಲ್ಲ?" ಎಂದು ನನ್ನ ಕಡೆ ತಿರುಗಿದರು. "ಮೇಡಂ, ನಿಮ್ಮಲ್ಲಿ ಬದಲಾಗಿ ಬಂತಾ?"

ಹೌದು, ಲೈಬ್ರರಿಯಲ್ಲಿ ಅದಲು ಬದಲಾಯಿತು, ತಪ್ಪು ನಮ್ಮದು ಎನ್ನೋಣವೆಂದು ಬಾಯಿ ತೆರೆದೆ. ಆದರೆ ತಾಯಿ ಮುಂದೆ ಬಂದರು.

"ಬದಲಾಗಿಲ್ಲ. ಇದು ನಮ್ಮದೇ" ಎಂದರು. ಅಷ್ಟಕ್ಕೇ ನಿಲ್ಲಿಸಲಿಲ್ಲ. "ಅವತ್ತು ತೋರಿಸಿದ್ದು ಅಜ್ಜಿದು. ನಮ್ಮ ರಾಜನ ಕಾಲು ಸವೆದಿದೆ. ಇವಳಿಗೆ ಹುಷಾರಿಲ್ದಾಗೆಲ್ಲ ನಾನೇ ತೇದಿದ್ದು."

ಬೀಗಿತ್ತಿ ಪಂಚೆಯನ್ನು ಮೆಲ್ಲಗೆ ಎತ್ತಿ, ಸವೆದ ಪಾದದ ಮೇಲೆ ಹೆಬ್ಬೆರಳನ್ನು ಆಡಿಸಿದರು. ಹೆಡ್‌ಮಿಸ್ಟ್ರೆಸ್ ಕತ್ತು ಚಾಚಿ ನೋಡುತ್ತಿದ್ದರು. ಓಲಗದವರು ಬೇರೆ ಆಗಲೇ ನಿಲ್ಲಿಸಬೇಕೆ!

"ಬರೀ ಕಾಲು ತಾನೇ?" ಎಂದರು ಬೀಗಿತ್ತಿ. "ನಿಮ್ಮಳಿಯಂಗೆ ಚಿಕ್ಕಂದಿನಲ್ಲಿ ಮೈತುಂಬ ಬೊಕ್ಕೆ ಏಳ್ತಿತ್ತು. ನಮ್ಮನೇ ರಾಣಿಗೆ ಬೆನ್ನೇ ಇಲ್ಲ. ಯಾರಿಗೂ ಕಾಣಬಾರ್ದು ಅಂತ ಇಷ್ಟು ವರ್ಷ ಗೋಡೆಗೆ ಒರಗಿಸಿಯೇ ಕೂರಿಸ್ತಿದೀನಿ."

ತಾಯಿ ನಗಲು ಹೋಗಿ ಅತ್ತರು. ಬೀಗಿತ್ತಿ ರಾಜನನ್ನು ಅವರ ಕೈಗೆ ಕೊಟ್ಟರು; ಇಬ್ಬರೂ ಸೇರಿ ಮೆತ್ತೆ ಸರಿಮಾಡಿ ಅವನನ್ನು ರಾಣಿಯ ಪಕ್ಕ ನಿಲ್ಲಿಸಿದರು. ಪಂಚೆಯ ಅಂಚು ಒಂದಿಷ್ಟು ಮಡಚಿಕೊಂಡಿತ್ತು. ಅಲ್ಲಿ ನನ್ನ ಏಳನೇ ನಂಬರು ಇನ್ನೂ ಹಾಗೇ ಇತ್ತು, ಬಿಚ್ಚುವುದನ್ನು ನಾನು ಮರೆತಿದ್ದೆ.